ಒಂದೇ ಹಬ್ಬ, ಎರಡು ಪಂಚಾಂಗ

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಎದುರು ಈಚೆಗೆ ಮಾಡಿದ ಭಾಷಣದ ಲಿಖಿತ ರೂಪ)



ನನ್ನದೊಂದು ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ. ಪತ್ರಿಕೆಗೆ ಸೇರಿದ ಹೊಸತು. ಫೆಬ್ರುವರಿಯ ಒಂದು ಸಂಜೆ ಬೀಜಿಂಗಿನಿಂದ ಸುದ್ದಿಸಂಸ್ಥೆಯ ಚಿತ್ರವೊಂದು ಬಂತು. ಸಾಲು ಸಾಲು ಕೆಂಪು ಲಾಂದ್ರಗಳು, ಅವುಗಳ ಕೆಳಗೆ ಜನಸಾಗರ. ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ‘ಚೀನಾ, ಜಪಾನ್ ಮೊದಲಾದ ದೇಶಗಳಲ್ಲಿ ಹೊಸ ವರ್ಷದ ಸಂಭ್ರಮ’ ಎಂದು ಬರೆದುಕೊಟ್ಟೆ. ಮರುದಿನ ಓದುಗರೊಬ್ಬರ ಫೋನು. ‘ಅಲ್ರೀ, ಜಪಾನಿನವರ ಹೊಸ ವರ್ಷ ಜನವರಿ ಒಂದಕ್ಕೇ ಮುಗಿದು ಹೋಯಿತಲ್ಲ, ನೀವ್ಯಾಕೆ ಇನ್ನೊಮ್ಮೆ ಮಾಡಿಸ್ತಿದ್ದೀರಿ?’ ಎಂದರು. ಉತ್ತರ ಕೊಡಲು ನನಗೆ ತಿಳಿಯಲಿಲ್ಲ. ಆಮೇಲೆ ಓದುತ್ತ ಹೋದಾಗ ನನ್ನ ತಪ್ಪು ನೂರೈವತ್ತು ವರ್ಷ ಹಳೆಯದು ಎಂದು ಗೊತ್ತಾಯಿತು. 1872ರಲ್ಲಿ ಬರೆದಿದ್ದರೆ ಅದೇ ಅಡಿಬರಹ ಸರಿಯಾಗಿರುತ್ತಿತ್ತು!

ಆಗ ಎರಡೂ ದೇಶಗಳದ್ದು ಒಂದೇ ಬಗೆಯ ಪಂಚಾಂಗ. ಚಂದ್ರನನ್ನು ನೋಡಿ ತಿಂಗಳು, ಸೂರ್ಯನನ್ನು ನೋಡಿ ಋತು. ಎರಡೂ ತಾಳೆಯಾಗದೆ ಹೋದಾಗ ನಡುವೆ ಒಂದು ಹೆಚ್ಚಿನ ತಿಂಗಳು. ನಮ್ಮ ಅಧಿಕಮಾಸದಂತೆಯೇ ಎನ್ನಿ. ವರ್ಷದ ಮೊದಲ ದಿನ ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಬರುತ್ತಿತ್ತು. ಚಳಿಯ ಬೆನ್ನು ಮುರಿದು ವಸಂತದ ಸುಳಿವು ಸಿಗುವ ಕಾಲ ಅದು.

ಜಪಾನಿನಲ್ಲಿ ಮೈಜಿ ಚಕ್ರವರ್ತಿಯ ಸರ್ಕಾರ 1872ರ ಡಿಸೆಂಬರ್ 9ರಂದು ಆಜ್ಞೆಯೊಂದನ್ನು ಹೊರಡಿಸಿತು. ಹಳೆಯ ಲೆಕ್ಕದ ಹನ್ನೆರಡನೆಯ ತಿಂಗಳ ಮೂರನೆಯ ದಿನವೇ 1873ರ ಜನವರಿ 1 ಎಂದು ತಿಳಿಯತಕ್ಕದ್ದು ಎಂಬುದು ಅದರ ಸಾರ. ಅಂದರೆ ಆ ವರ್ಷದ ಕೊನೆಯ ತಿಂಗಳಿಗೆ ಸಿಕ್ಕಿದ್ದು ಎರಡೇ ದಿನ. ಜನರಿಗೆ ಸಿಕ್ಕ ಮುನ್ಸೂಚನೆ ಮೂರು ವಾರದಷ್ಟು. ಮರುವರ್ಷದ ಪಂಚಾಂಗಗಳನ್ನು ಅಚ್ಚು ಹಾಕಿಸಿ ಇಟ್ಟುಕೊಂಡಿದ್ದ ಮುದ್ರಕರು ತಲೆಯ ಮೇಲೆ ಕೈಹೊತ್ತು ಕೂತರು. ಹೊಸ ಪಂಚಾಂಗವನ್ನು ವಿವರಿಸಿ ಫುಕುಜಾವಾ ಯುಕಿಚಿ ಬರೆದ ಚಿಕ್ಕ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು.

ಇಷ್ಟು ಅವಸರ ಯಾಕೆ? ಪಾಶ್ಚಾತ್ಯ ರಾಷ್ಟ್ರಗಳಿಗೆ ಸಮನಾಗಿ ನಿಲ್ಲಬೇಕೆಂಬ ಹಂಬಲ ಒಂದು ಕಾರಣ. ಇನ್ನೊಂದು ಕಾರಣ ಬೊಕ್ಕಸದ್ದು. ಆಗ ಸರ್ಕಾರದಲ್ಲಿದ್ದ ಓಕುಮಾ ಶಿಗೆನೊಬು ಮುಂದೆ ತಾವೇ ಅದನ್ನು ಹೇಳಿಕೊಂಡಿದ್ದಾರೆ. ನೌಕರರಿಗೆ ತಿಂಗಳ ಸಂಬಳ ಕೊಡುವ ಪದ್ಧತಿ ಆಗಷ್ಟೇ ಬಂದಿತ್ತು. ಹಳೆಯ ಲೆಕ್ಕದಲ್ಲಿ 1873ಕ್ಕೆ ಅಧಿಕಮಾಸ. ಹದಿಮೂರು ಸಂಬಳ ಕೊಡಬೇಕು. ಪಂಚಾಂಗ ಬದಲಿಸಿದರೆ ಅದು ಉಳಿಯುತ್ತದೆ. ಎರಡು ದಿನದ ಡಿಸೆಂಬರಿಗೂ ಸಂಬಳ ಕೊಡಬೇಕಾಗಿಲ್ಲ. ಸಂಬಳದ ದಿನವನ್ನು ಎದುರು ನೋಡುವ ನನ್ನಂಥವರಿಗೆ ಆ ಗುಮಾಸ್ತರ ಮುಖ ಕಣ್ಣಿಗೆ ಕಟ್ಟುತ್ತದೆ.

ಹಳ್ಳಿಗಳು ಇದನ್ನು ಒಮ್ಮೆಗೇ ಒಪ್ಪಲಿಲ್ಲ. ಎಷ್ಟೋ ಕಡೆ ದಶಕಗಳ ಕಾಲ ಹಳೆಯ ದಿನಕ್ಕೇ ಹಬ್ಬ ನಡೆಯಿತು. ಆದರೆ ನಿಧಾನವಾಗಿ ಹಬ್ಬದ ಸರಂಜಾಮೆಲ್ಲ ಜನವರಿ ಒಂದಕ್ಕೆ ಗಾಡಿ ಕಟ್ಟಿತು. ಬಾಗಿಲಲ್ಲಿ ಪೈನ್ ಮತ್ತು ಬಿದಿರಿನ ಅಲಂಕಾರ, ಅಕ್ಕಿಯ ಅಂಟು ಕಡುಬು ಮೋಚಿ, ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಹಬ್ಬದ ಊಟ, ಮಕ್ಕಳಿಗೆ ಲಕೋಟೆಯಲ್ಲಿ ಹಣ, ನಡುರಾತ್ರಿ ಬೌದ್ಧ ದೇಗುಲಗಳಲ್ಲಿ 108 ಗಂಟೆ. ವರ್ಷದ ಮೊದಲ ದೇವದರ್ಶನಕ್ಕೆ ದೂರದ ದೇಗುಲಗಳಿಗೆ ಹೋಗುವ ರೂಢಿಯಂತೂ ರೈಲು ಬಂದ ಮೇಲೆ ಬೆಳೆದದ್ದು. ನಾವು ಪುರಾತನ ಎಂದುಕೊಳ್ಳುವ ಎಷ್ಟೋ ಆಚಾರಗಳ ವಯಸ್ಸು ಹೀಗೇ ಇರುತ್ತದೆ.

ಶುಭಾಶಯ ಪತ್ರಗಳದ್ದೂ ಅದೇ ಕಥೆ. ಡಿಸೆಂಬರಿನಲ್ಲಿ ಡಬ್ಬಿಗೆ ಹಾಕಿದ್ದನ್ನೆಲ್ಲ ಕೂಡಿಟ್ಟು ಅಂಚೆಯವರು ಜನವರಿ ಒಂದರ ಬೆಳಿಗ್ಗೆಯೇ ಮನೆಗೆ ಮುಟ್ಟಿಸುತ್ತಾರೆ. 2004ರ ಸಲುವಾಗಿ ಅಚ್ಚಾದ ಪತ್ರಗಳು 440 ಕೋಟಿಗೂ ಹೆಚ್ಚು. ಮೊಬೈಲ್ ಬಂದ ಮೇಲೆ ಸಂಖ್ಯೆ ಕುಸಿಯುತ್ತಲೇ ಇದೆ. ನನ್ನ ಗಮನ ಸೆಳೆದದ್ದು ಸಂಖ್ಯೆಯಲ್ಲ, ಅವುಗಳ ಮೇಲಿನ ಬರಹ. ಅನೇಕ ಪತ್ರಗಳಲ್ಲಿ ಇಂದಿಗೂ ‘ವಸಂತಕ್ಕೆ ಸ್ವಾಗತ’ ಎಂಬರ್ಥದ ಅಕ್ಷರಗಳಿರುತ್ತವೆ. ಹೊರಗೆ ನೋಡಿದರೆ ಕೊರೆಯುವ ಚಳಿ, ಉತ್ತರದ ಹೊಕ್ಕೈಡೊದಲ್ಲಿ ಮೊಣಕಾಲುದ್ದ ಹಿಮ!

ಇನ್ನು ಚೀನಾ. ಅಲ್ಲಿಯೂ ಸರ್ಕಾರ ಇದನ್ನೇ ಮಾಡಹೊರಟಿತು. 1912ರ ಜನವರಿ 1ರಂದು ಸನ್ ಯಾತ್ ಸೆನ್ ಗಣರಾಜ್ಯದ ಹಂಗಾಮಿ ಅಧ್ಯಕ್ಷರಾದರು. ಹೊಸ ಕ್ಯಾಲೆಂಡರ್ ಬಂತು. ಹೊಸ ವರ್ಷದ ದಿನಕ್ಕೆ ಅಲ್ಲಿ ‘ಯುವಾನ್‌ದಾನ್’ ಎಂಬ ಹಳೆಯ ಹೆಸರಿತ್ತು. ಆ ಹೆಸರನ್ನು ಕಿತ್ತು ಜನವರಿ ಒಂದಕ್ಕೆ ಕೊಟ್ಟರು. ಹೆಸರು ಕಳೆದುಕೊಂಡ ಹಬ್ಬಕ್ಕೆ 1914ರಿಂದ ‘ಚುನ್‌ಜಿಯೆ’, ಅಂದರೆ ವಸಂತದ ಹಬ್ಬ, ಎಂದು ಸರ್ಕಾರಿ ನಾಮಕರಣವಾಯಿತು. ಆದರೆ ಜನ ಹಬ್ಬ ಮಾಡಿದ್ದು ಹಳೆಯ ದಿನಕ್ಕೇ. 1928ರ ನಂತರ ನಾನ್‌ಜಿಂಗ್ ಸರ್ಕಾರ ಇನ್ನೂ ಬಿಗಿ ಮಾಡಿತು: ಹಳೆಯ ಹಬ್ಬಕ್ಕೆ ರಜೆಯಿಲ್ಲ, ಹಳೆಯ ಪಂಚಾಂಗ ಅಚ್ಚು ಹಾಕುವಂತಿಲ್ಲ. ಫಲ ಸೊನ್ನೆ. 1934ರ ಹೊತ್ತಿಗೆ ಸರ್ಕಾರವೇ ಸುಮ್ಮನಾಯಿತು.

ಅದು ಬರೀ ಪಟಾಕಿಯ ಪ್ರಶ್ನೆಯಾಗಿರಲಿಲ್ಲ. ಅಂಗಡಿಯ ಲೆಕ್ಕ ಮುಗಿಯುತ್ತಿದ್ದುದು, ಸಾಲ ತೀರಿಸುವ ಗಡುವು ಬೀಳುತ್ತಿದ್ದುದು ಹಳೆಯ ವರ್ಷದ ಕೊನೆಗೆ. ರೈತನ ಬಿಡುವೂ ಆಗಲೇ. ಊರಿಂದ ಹೊರಗೆ ದುಡಿಯುವ ಮಗ ಮನೆಗೆ ಬಂದು ಹಿರಿಯರ ಜೊತೆ ಕೂತು ಉಣ್ಣುವುದೂ ಆ ರಾತ್ರಿಯೇ. ಜಪಾನಿನಲ್ಲೂ ಇದೆಲ್ಲ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಅಲ್ಲಿ ಶಾಲೆ, ಕಚೇರಿ, ಸೈನ್ಯ, ರೈಲು ಎಲ್ಲವೂ ಹೊಸ ಲೆಕ್ಕ ಹಿಡಿದು ಹಳ್ಳಿಯೊಳಗೆ ನಡೆದು ಬಂದವು. ಯುದ್ಧಪ್ರಭುಗಳ ಕಾಲದ ಚೀನಾದಲ್ಲಿ ಸರ್ಕಾರದ ಕೈ ಅಷ್ಟು ಉದ್ದ ಇರಲಿಲ್ಲ. ವ್ಯತ್ಯಾಸ ಜನರ ಭಕ್ತಿಯದಲ್ಲ, ಆಡಳಿತದ್ದು ಎಂದೇ ನನಗೆ ತೋರುತ್ತದೆ.

ಕಮ್ಯುನಿಸ್ಟ್ ಸರ್ಕಾರ 1949ರಲ್ಲಿ ವಸಂತದ ಹಬ್ಬಕ್ಕೆ ಮೂರು ದಿನ ರಜೆ ಕೊಟ್ಟಿತು. ಸಾಂಸ್ಕೃತಿಕ ಕ್ರಾಂತಿಯ ಬಿಸಿಯಲ್ಲಿ, 1967ರಲ್ಲಿ, ಅದನ್ನೂ ಕಿತ್ತುಕೊಂಡಿತು. 1980ರ ಹೊತ್ತಿಗೆ ರಜೆ ಮರಳಿತು. ಈಗ ಹಬ್ಬದ ಹಿಂದೆ ಮುಂದೆ ನಲವತ್ತು ದಿನ ರೈಲು, ಬಸ್ಸುಗಳಲ್ಲಿ ಕೋಟಿಗಟ್ಟಲೆ ಜನ ಊರಿಗೆ ಹೋಗಿಬರುತ್ತಾರೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿಗೂ ಈ ಹಬ್ಬ ಸೇರಿತು.

ಹೀಗೆ ಜಪಾನಿನವರು ವಸಂತದ ಮಾತು ಉಳಿಸಿಕೊಂಡು ದಿನ ಕಳೆದುಕೊಂಡರು. ಚೀನಾದವರು ದಿನ ಉಳಿಸಿಕೊಂಡು ಹೆಸರು ಬಿಟ್ಟುಕೊಟ್ಟರು. ಜಪಾನಿನಲ್ಲೂ ಅಪವಾದವಿದೆ. ಒಕಿನಾವಾದ ಇತೊಮಾನ್ ಬಂದರಿನ ಮೀನುಗಾರರು ಇಂದಿಗೂ ಹಳೆಯ ದಿನವೇ ದೋಣಿಗಳಿಗೆ ಬಣ್ಣಬಣ್ಣದ ಬಾವುಟ ಕಟ್ಟುತ್ತಾರೆ. ಉಬ್ಬರ-ಇಳಿತ ನೋಡಿ ಬದುಕುವವರಿಗೆ ಚಂದ್ರನನ್ನು ಬಿಟ್ಟರೆ ನಡೆಯುವುದು ಹೇಗೆ?

ನಮ್ಮಲ್ಲೂ ಮೇಘನಾದ ಸಹಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದರ ಪ್ರಕಾರ ಚೈತ್ರದ ಮೊದಲ ದಿನ ಮಾರ್ಚ್ 22. ಅಧಿಕ ವರ್ಷದಲ್ಲಿ 21. ಗೆಜೆಟ್ಟಿನ ಮೇಲೆ ಆ ದಿನಾಂಕ ಇರುತ್ತದೆ. ಆ ದಿನಾಂಕ ನೋಡಿ ಬೇವುಬೆಲ್ಲ ತಿಂದವರು ನಿಮಗೆ ಗೊತ್ತೇ? ಬಯಲುಸೀಮೆಯವರು ಚಾಂದ್ರಮಾನ ಯುಗಾದಿಗೆ, ಕರಾವಳಿಯವರು ಏಪ್ರಿಲ್‌ನ ಬಿಸುವಿಗೆ ತಮ್ಮ ಪಾಡಿಗೆ ಹಬ್ಬ ಮಾಡುತ್ತಾರೆ. ಸರ್ಕಾರ ಬಲವಂತ ಮಾಡಲಿಲ್ಲ, ಜನ ಕೇಳಲೂ ಇಲ್ಲ.

ಈ ವರ್ಷವೂ ಬೀಜಿಂಗಿನ ಕೆಂಪು ಲಾಂದ್ರಗಳ ಚಿತ್ರ ಬಂತು. ‘ಚೀನಾದಲ್ಲಿ ವಸಂತದ ಹಬ್ಬ’ ಎಂದು ಎಚ್ಚರದಿಂದ ಬರೆದೆ. ಬೆಳಿಗ್ಗೆ ಪತ್ರಿಕೆ ತೆರೆದರೆ, ರಾತ್ರಿ ಪಾಳಿಯ ಉಪಸಂಪಾದಕರು ಅದನ್ನು ‘ಚೀನಾ ಹೊಸ ವರ್ಷ’ ಎಂದು ತಿದ್ದಿದ್ದರು.