ಕೋಲಾಟದ ಜೊತೆ

ಕೋಲಾಟವನ್ನು ದೂರ ನಿಂತು ಕಲಿಯಬಹುದೆಂದು ಬಗೆದಿರಾ? ಛಂದಸ್ಸಿನ ಪಾಠ ಹೇಳುವ ನಾನು ನಮ್ಮ ಮಲ್ಲಟದಲ್ಲಿ ಐವತ್ತು ದಾಟಿದ ಮೇಲೆ ಕೋಲು ಹಿಡಿದೆ. ಮಾತ್ರೆ ಎಣಿಸುತ್ತ ಹಾಕಿದ ಮೊದಲ ಪೆಟ್ಟು ಎದುರಿನವನ ಬೆರಳಿಗೇ ಬಿತ್ತು! ಆತ ನನ್ನ ಹಳೆಯ ವಿದ್ಯಾರ್ಥಿ. ಕೋಲಾಟದ ಮರುದಿನ ತರಗತಿಯಲ್ಲಿ ತೂಕಡಿಸಿದನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದೆ. “ಎಣಿಸಬ್ಯಾಡ್ರಿ ಸರ, ನನ್ನ ಕೋಲು ನೋಡ್ರಿ” ಎಂದ.

ಸುತ್ತು ನಿಂತು ಆಡುವಾಗ ಜೊತೆ ಬದಲಾಗುತ್ತಲೇ ಇರುತ್ತದೆ. ಕ್ಯೂಬಾದ ಹವಾನಾದಲ್ಲಿ 1950ರ ದಶಕದಲ್ಲಿ ಹುಟ್ಟಿದ ‘ರುಯೇದಾ’ ಕುಣಿತದಲ್ಲಿಯೂ ಒಬ್ಬನು ಕೂಗಿದೊಡನೆ ಜೋಡಿಗಳು ಬದಲಾಗುತ್ತವೆ. ಒಬ್ಬನ ತಪ್ಪನ್ನು ಮುಂದಿನವನು ತಿದ್ದಿಯಾನು.

ಜಡೆಕೋಲಾಟ ಹಾಗಲ್ಲ. ಮೇಲಿನಿಂದ ಇಳಿಬಿಟ್ಟ ಹಗ್ಗಗಳು ಹೆಜ್ಜೆಗೊಂದು ಹೆಣಿಗೆಯಾಗುತ್ತವೆ. ಒಬ್ಬ ತಪ್ಪಿದರೆ ಎಲ್ಲರಿಗೂ ಗಂಟು. ಬಂದ ದಾರಿಯಲ್ಲೇ ಹಿಂದಕ್ಕೆ ಕುಣಿದು ಬಿಚ್ಚಬೇಕು. ನನ್ನಿಂದ ಎರಡು ರಾತ್ರಿ ಗಂಟಾಯಿತು. ಮೂರನೆಯ ರಾತ್ರಿ ಜಡೆ ಬಿಚ್ಚಿಕೊಂಡಿತು.