ನಾಳೆಯ ಊರನ್ನು ಚಿತ್ರಿಸುವಾಗ



ನೂರು ವರ್ಷಗಳ ಬಳಿಕ ನಿಮ್ಮ ಊರು ಹೇಗಿರಬಹುದೆಂದು ಚಿತ್ರ ಬರೆಯಲು ಹೇಳಿದರೆ ಮಕ್ಕಳಿಂದ ಸಾಮಾನ್ಯವಾಗಿ ಎರಡೇ ಬಗೆಯ ಚಿತ್ರಗಳು ಬರುತ್ತವೆ. ಒಂದರಲ್ಲಿ ಗಾಜಿನ ಗೋಪುರಗಳು, ಅವುಗಳ ನಡುವೆ ಹಾರುವ ಕಾರುಗಳು. ಇನ್ನೊಂದರಲ್ಲಿ ಬಿರಿದ ನೆಲ, ಎಲೆಯಿಲ್ಲದ ಒಂದು ಮರ. ಎರಡೂ ಅಂದವಾಗಿರಬಹುದು, ಎರಡರಲ್ಲಿಯೂ ಕಾಸರಗೋಡು ಇಲ್ಲ.

ವೈಜ್ಞಾನಿಕ ಕಥೆಗಾರರ ರೀತಿ ಬೇರೆ. ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮೆಷಿನ್’ ಕಾದಂಬರಿಯ ನಾಯಕ ಎಂಟು ಲಕ್ಷ ವರ್ಷ ಮುಂದಕ್ಕೆ ಸಾಗಿದರೂ ತಲುಪುವುದು ತನ್ನದೇ ಥೇಮ್ಸ್ ಕಣಿವೆಯನ್ನು. ನದಿ ಮಾತ್ರ ಸುಮಾರು ಒಂದು ಮೈಲು ಸರಿದಿರುತ್ತದೆ. ಗುರುತಿನ ನೆಲ, ಅದರಲ್ಲಿ ಒಂದು ಬದಲಾವಣೆ, ಅದರ ಪರಿಣಾಮ: ತರಗತಿಗೆ ಬೇಕಾದ ಕ್ರಮವೂ ಇದೇ.

ನಮ್ಮ ಮಕ್ಕಳಿಗೆ ಗುರುತಿನ ನೆಲವೆಂದರೆ ಸುರಂಗ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಪಂಪಿಲ್ಲದೆ, ಅಡಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಹರಿಸಿದ ವಿದ್ಯೆ ಅದು. ಗುಡ್ಡವನ್ನು ನಡುವೆ ಸೀಳಿದಂತೆ ಚಿತ್ರಿಸಲು ಹೇಳಿ. ಬಳಿಕ ಒಂದೇ ಒಂದನ್ನು ಬದಲಿಸಲಿ: ಮೇಲಿನ ಪಾರೆಯನ್ನು ಕಲ್ಲಿನ ಕೋರೆಗಾಗಿ ಕಡಿದಾಗಿದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಮಳೆ ಈಗ ಎಲ್ಲಿಗೆ ಹೋಗುತ್ತದೆ? ತೋಡು ಯಾವ ಬಣ್ಣಕ್ಕೆ ತಿರುಗುತ್ತದೆ? ಸುರಂಗದೊಳಗಿನ ಬಾವಲಿಗಳು ಏನಾದವು? ಬಣ್ಣದ ಪೆಟ್ಟಿಗೆ ಇಲ್ಲದಿದ್ದರೆ ಕೆಮ್ಮಣ್ಣು, ಇದ್ದಿಲು ಸಾಕು. ಇಲ್ಲಿಯ ಗುಡ್ಡಕ್ಕೆ ಅದಕ್ಕಿಂತ ಹೊಂದುವ ಕೆಂಪು ಪೆಟ್ಟಿಗೆಯಲ್ಲಿಯೂ ಸಿಗದು.

ಒಂದು ಎಚ್ಚರ ಅಗತ್ಯ. 1970ರ ದಶಕದ ಕೊನೆಯಿಂದ 2000ದವರೆಗೆ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಹಸಿರು ಗುಡ್ಡ, ಅದರ ಮೇಲೆ ಹಾರುವ ಯಂತ್ರ: ಅಂದು ಮಗುವೊಂದು ಅದನ್ನು ಬರೆದಿದ್ದರೆ ಪ್ರಗತಿಯ ಚಿತ್ರವೆಂದು ಗೋಡೆಗೆ ಅಂಟಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಕಡೆಗಳಲ್ಲಿ ಮಗುವಿನ ಮನೆಯಲ್ಲಿಯೇ ಹಾಸಿಗೆ ಹಿಡಿದ ಅಣ್ಣನೋ ಅಕ್ಕನೋ ಇರಬಹುದು. ಅಲ್ಲಿ ‘ಭಯಂಕರ ಭವಿಷ್ಯ’ ಎಂಬ ಶೀರ್ಷಿಕೆಯನ್ನು ಕರಿಹಲಗೆಯಲ್ಲಿ ಬರೆಯುವುದು ಸಲ್ಲದು. ಮಗು ತಾನಾಗಿ ಬರೆದರೆ ಅಳಿಸಲೂ ಬಾರದು, ಮೂಲೆಯಲ್ಲೊಂದು ಕಾಮನಬಿಲ್ಲು ಸೇರಿಸೆಂದು ಒತ್ತಾಯಿಸಲೂ ಬಾರದು.

ಅಂಕ ನೀಡುವುದಾದರೆ ನೋಡಬೇಕಾದುದು ಇಷ್ಟೇ: ಈ ಜಾಗ ಎಲ್ಲಿಯದೆಂದು ಗೊತ್ತಾಗುತ್ತದೆಯೇ, ನೀರಿನ ದಾರಿ ತಿಳಿಯುತ್ತದೆಯೇ. ಚಿತ್ರದ ಕೆಳಗೆ ಹೆಸರುಗಳನ್ನು ಬರೆಯಿಸಿ: ಪಾರೆ, ಬೈಲು, ತೋಡು, ಕಟ್ಟ, ಮದಕ. ಇಂಥ ಶಬ್ದಗಳು ಪಠ್ಯಪುಸ್ತಕದಲ್ಲಿ ಅಪರೂಪ. ಬಳಸದೆ ಹೋದರೆ ನೆಲಕ್ಕಿಂತ ಮೊದಲು ಅವೇ ಮರೆಯಾದಾವು. ಮನೆಯಲ್ಲಿ ತುಳುವನ್ನೋ ಹವಿಗನ್ನಡವನ್ನೋ ಮಲಯಾಳವನ್ನೋ ಆಡುವ ಮಗು ತನ್ನ ಶಬ್ದವನ್ನೇ ಬರೆದರೆ ಹೊಡೆದುಹಾಕದೆ, ಪಕ್ಕದಲ್ಲಿ ಕನ್ನಡದ ಶಬ್ದವನ್ನು ಸೇರಿಸಿದರಾಯಿತು. ಕೆಲವಕ್ಕೆ ಅಧ್ಯಾಪಕರಿಗೂ ಶಬ್ದ ಸಿಗಲಾರದು. ಆಗ ಊರಿನಲ್ಲಿ ಸುರಂಗ ಕೊರೆದ ಹಿರಿಯರೊಬ್ಬರನ್ನು ತರಗತಿಗೆ ಕರೆತಂದು, ಮಕ್ಕಳ ಚಿತ್ರಗಳನ್ನು ಅವರ ಮುಂದೆ ಹರಡಿ ಕೇಳಬಹುದು.