ಈಜುಕೊಳದ ಸುತ್ತ ಬೆಳೆದ ಆರೋಗ್ಯ



ಬಡಾವಣೆಗೊಂದು ಮನರಂಜನಾ ಕೇಂದ್ರ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಒಂದು ಕೇರಂ ಬೋರ್ಡು, ಟೇಬಲ್ ಟೆನಿಸ್ ಮೇಜು, ನಾಲ್ಕಾರು ದಿನಪತ್ರಿಕೆಗಳು. ಸಂಜೆಯ ಹೊತ್ತು ಕಳೆಯಲು ಒಂದು ಜಾಗ, ಅಷ್ಟೆ. ಆದರೆ ಇಂಥದೇ ಒಂದು ಕೇಂದ್ರವನ್ನು ಇಬ್ಬರು ವೈದ್ಯರು ಆರೋಗ್ಯವೆಂದರೆ ಏನೆಂದು ಅರಿಯುವುದಕ್ಕಾಗಿಯೇ ಕಟ್ಟಿದ್ದರು. ಲಂಡನ್ನಿನ ಆಗ್ನೇಯ ಭಾಗದ ಪೆಕಮ್ ಎಂಬಲ್ಲಿದ್ದ ಅದರ ಹೆಸರು ಪಯನಿಯರ್ ಹೆಲ್ತ್ ಸೆಂಟರ್. ಅದು ಹುಟ್ಟಿದ ಬಗೆ ಸ್ವಾರಸ್ಯಕರ. ಅದು ಮುಚ್ಚಿದ ಬಗೆ ಯೋಚನೆಗೆ ಹಚ್ಚುವಂಥದು.

ಆ ವೈದ್ಯರು ಜಾರ್ಜ್ ಸ್ಕಾಟ್ ವಿಲಿಯಮ್ಸನ್ ಮತ್ತು ಇನ್ನೆಸ್ ಪಿಯರ್ಸ್. ವೈದ್ಯಶಾಸ್ತ್ರ ರೋಗವನ್ನು ಬಲ್ಲದು, ಆರೋಗ್ಯವನ್ನು ಅರಿಯದು ಎಂಬುದು ಅವರ ಕೊರಗು. ಆಸ್ಪತ್ರೆಗೆ ಬರುವವರೆಲ್ಲ ಕಾಯಿಲೆ ಬಿದ್ದವರು. ಆರೋಗ್ಯವಂತರನ್ನು ಅಲ್ಲಿ ಕಾಣುವುದೆಂತು? 1926ರಲ್ಲಿ ಅವರು ಪೆಕಮ್‌ನ ಒಂದು ಮನೆಯಲ್ಲಿ ಪುಟ್ಟ ಕೇಂದ್ರ ತೆರೆದರು. ಪೆಕಮ್ಮನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಅದು ತೀರ ಬಡವರ ಕೇರಿಯೂ ಅಲ್ಲ, ಸಿರಿವಂತರ ಬಡಾವಣೆಯೂ ಅಲ್ಲ. ದುಡಿದು ಉಣ್ಣುವ ಸಾಧಾರಣ ಜನರ ಊರು.

ನೂರಕ್ಕೂ ಹೆಚ್ಚು ಕುಟುಂಬಗಳು ಸೇರಿದವು. ವೈದ್ಯರು ಮನೆಮಂದಿಯನ್ನೆಲ್ಲ ಪರೀಕ್ಷಿಸಿದರು. ಕುಂದು ಕಂಡಲ್ಲಿ ತಿಳಿಸಿದರು; ಜನ ಬೇರೆಡೆ ಚಿಕಿತ್ಸೆ ಪಡೆದು ಬಂದರು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಎಷ್ಟೋ ಮಂದಿ ಮತ್ತೆ ಸೊರಗಿದ್ದರು. ಒಂಟಿತನದ ಅದೇ ಮನೆ, ಅದೇ ಬೇಸರದ ದಿನಚರಿ. ಬರಿಯ ತಪಾಸಣೆ ಸಾಲದು, ಕೈಕಾಲಿಗೂ ಮನಸ್ಸಿಗೂ ಕೆಲಸ ಕೊಡುವ, ನೆರೆಹೊರೆಯವರು ಕಲೆಯುವ ಒಂದು ತಾಣ ಬೇಕು ಎಂದು ವೈದ್ಯರಿಗೆ ಮನವರಿಕೆಯಾಯಿತು. 1929ರಲ್ಲಿ ಆ ಮನೆಯನ್ನು ಮುಚ್ಚಿ, ದೊಡ್ಡ ಕಟ್ಟಡಕ್ಕೆ ಹಣ ಕೂಡಿಸಲು ಹೊರಟರು.

1935ರಲ್ಲಿ ಹೊಸ ಕೇಂದ್ರ ತೆರೆಯಿತು. ಕಟ್ಟಡದ ವಿನ್ಯಾಸ ಮಾಡಿದವರು ಖ್ಯಾತ ಎಂಜಿನಿಯರ್ ಓವನ್ ವಿಲಿಯಮ್ಸ್. ಕಾಂಕ್ರೀಟು ಮತ್ತು ಗಾಜಿನ ಕಟ್ಟಡ. ನಟ್ಟನಡುವೆ ಈಜುಕೊಳ, ಅದರ ಸುತ್ತ ವ್ಯಾಯಾಮಶಾಲೆ, ರಂಗಮಂದಿರ, ಶಿಶುಗಳ ಕೋಣೆ, ಉಪಾಹಾರ ಗೃಹ. ಒಳಗೋಡೆಗಳಲ್ಲಿಯೂ ಗಾಜು ಹೇರಳವಾಗಿತ್ತು. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಚಹಾ ಕುಡಿಯುತ್ತ ಕುಳಿತ ತಾಯಿಗೆ ಮಗ ಈಜುವುದು ಕಾಣಬೇಕು. ಒಬ್ಬರು ಮಾಡುವುದನ್ನು ಕಂಡು ಇನ್ನೊಬ್ಬರಿಗೆ ತಾನೂ ಮಾಡಬೇಕೆನಿಸಬೇಕು. ಉಪದೇಶಕ್ಕಿಂತ ನೋಟ ಹೆಚ್ಚು ಕಲಿಸುತ್ತದೆ ಎಂಬ ನಂಬಿಕೆ ಅದು. ವೈದ್ಯರಿಗೂ ಜನರ ಒಡನಾಟವನ್ನು ಸಹಜ ಸ್ಥಿತಿಯಲ್ಲಿ ಗಮನಿಸಲು ಅನುಕೂಲವಾಯಿತು.

ಸದಸ್ಯತ್ವದ ನಿಯಮಗಳು ಮೂರೇ. ಇಡೀ ಕುಟುಂಬ ಸೇರಬೇಕು. ಮನೆ ನಡೆದು ಬರುವಷ್ಟು ದೂರದಲ್ಲಿರಬೇಕು. ಆಗಾಗ ಎಲ್ಲರೂ ವೈದ್ಯ ತಪಾಸಣೆಗೆ ಒಳಗಾಗಬೇಕು. ಕುಟುಂಬಕ್ಕೆ ವಾರಕ್ಕೆ ಒಂದು ಶಿಲಿಂಗ್ ಚಂದಾ. ಆಗ ಒಂದು ಪೌಂಡಿಗೆ 20 ಶಿಲಿಂಗ್. ತಪಾಸಣೆ ಮುಗಿದ ಮೇಲೆ ವೈದ್ಯರು ಮನೆಮಂದಿಯನ್ನು ಒಟ್ಟಿಗೆ ಕೂರಿಸಿಕೊಂಡು ಕಂಡದ್ದನ್ನು ವಿವರಿಸುತ್ತಿದ್ದರು. ಹೀಗೆಯೇ ಮಾಡಿ ಎಂದು ಅಪ್ಪಣೆ ಮಾಡುತ್ತಿರಲಿಲ್ಲ. ಅಲ್ಲಿ ಔಷಧಿಯನ್ನೂ ಕೊಡುತ್ತಿರಲಿಲ್ಲ. ಮುಂದಿನ ನಿರ್ಧಾರ ಆ ಕುಟುಂಬದ್ದೇ.

ಈ ತಪಾಸಣೆಗಳಿಂದ ಹೊರಬಿದ್ದ ಸಂಗತಿ ದಿಗಿಲು ಹುಟ್ಟಿಸುವಂಥದು. ಯಾವ ಕುಂದೂ ಇಲ್ಲದವರು ನೂರಕ್ಕೆ ಹತ್ತು ಮಂದಿಯೂ ಸಿಗಲಿಲ್ಲ. ಉಳಿದವರಲ್ಲಿ ಬಹುಮಂದಿ ತಮಗೇನೂ ಆಗಿಲ್ಲವೆಂದೇ ತಿಳಿದಿದ್ದರು. ಹೆಂಗಸರಲ್ಲಿ ರಕ್ತದ ಕಬ್ಬಿಣಾಂಶದ ಕೊರತೆ ಸಾಮಾನ್ಯವಾಗಿತ್ತು. ಸುಸ್ತು ಬದುಕಿನ ಸಹಜ ಭಾಗ ಎಂದುಕೊಂಡು ಅವರು ದಿನ ದೂಡುತ್ತಿದ್ದರು.

ಕೇಂದ್ರದಲ್ಲಿ ಇನ್ನೊಂದು ವಿಶೇಷವಿತ್ತು. ಇದನ್ನು ಆಡಿ, ಅದನ್ನು ಕಲಿಯಿರಿ ಎಂದು ಹಿಂದೆ ಬೀಳುವ ಸಂಘಟಕರು ಅಲ್ಲಿರಲಿಲ್ಲ. ಮೊದಮೊದಲು ಮಕ್ಕಳು ಕಟ್ಟಡವನ್ನೇ ತಲೆಯ ಮೇಲೆ ಹೊತ್ತರು. ಓಟ, ಕಿರುಚಾಟ, ಒಡೆದ ಸಾಮಾನು. ಶಿಸ್ತು ಹೇರಿ ಎಂಬ ಒತ್ತಾಯ ಕೇಳಿಬಂದರೂ ವಿಲಿಯಮ್ಸನ್ ಜಗ್ಗಲಿಲ್ಲ. ಆಗ ಲೂಸಿ ಕ್ರಾಕರ್ ಎಂಬ ಯುವತಿ ಒಂದು ಉಪಾಯ ಮಾಡಿದರು. ಮಗು ಈಜಬೇಕಾದರೂ, ಸ್ಕೇಟಿಂಗ್ ಗಾಲಿ ಬೇಕಾದರೂ ತಾನೇ ಬಂದು ಕೇಳಿ ಒಂದು ಚೀಟಿ ಪಡೆಯಬೇಕು. ಆ ಮಗುವಿಗೆ ಅದು ಸಾಧ್ಯವೆಂದು ಕಂಡರೆ ಚೀಟಿ ಸಿಗುತ್ತಿತ್ತು. ಏನು ಆಡಬೇಕೆಂಬ ಆಯ್ಕೆ ಮಗುವಿನದೇ. ಯಾವ ಮಗು ಏನನ್ನು ಆರಿಸಿತೆಂಬ ದಾಖಲೆ ಚೀಟಿಗಳಿಂದ ತಾನಾಗಿ ಸಿಕ್ಕಿತು. ತಿಂಗಳುಗಳು ಕಳೆದಂತೆ ಗದ್ದಲ ಅಡಗಿತು. ಬೆತ್ತವಿಲ್ಲದೆ, ಬಹುಮಾನದ ಆಸೆಯಿಲ್ಲದೆ ಮಕ್ಕಳು ತಮ್ಮ ಆಟವನ್ನು ತಾವೇ ಕಂಡುಕೊಂಡಿದ್ದರು. ದೊಡ್ಡವರೂ ಹಾಗೆಯೇ, ತಮಗೆ ಬೇಕಾದ ಕೂಟಗಳನ್ನು ತಾವೇ ಕಟ್ಟಿಕೊಂಡರು.

1939ರಲ್ಲಿ ಮಹಾಯುದ್ಧ ಬಂತು. ಕೇಂದ್ರ ಮುಚ್ಚಿತು, ಕಟ್ಟಡ ಯುದ್ಧಸಾಮಗ್ರಿ ತಯಾರಿಕೆಗೆ ಹೋಯಿತು. 1943ರಲ್ಲಿ ಪಿಯರ್ಸ್ ಮತ್ತು ಕ್ರಾಕರ್ ತಮ್ಮ ಅನುಭವವನ್ನು ‘ದಿ ಪೆಕಮ್ ಎಕ್ಸ್‌ಪೆರಿಮೆಂಟ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಯುದ್ಧ ಮುಗಿದ ಮೇಲೆ ಹಳೆಯ ಸದಸ್ಯರು ತಾವೇ ಕೈಹಚ್ಚಿ ಕಟ್ಟಡವನ್ನು ಅಣಿಗೊಳಿಸಿದರು. 1946ರಲ್ಲಿ ಬಾಗಿಲು ಮತ್ತೆ ತೆರೆಯಿತು.

ಆದರೆ ಹಣದ ತೊಡಕು ಬಿಡಲಿಲ್ಲ. ಕಟ್ಟಡ ರೂಪಿಸಿದ್ದು 2,000 ಕುಟುಂಬಗಳಿಗೆ. ಸದಸ್ಯತ್ವ ಆ ಗುರಿಯನ್ನು ಎಂದೂ ಮುಟ್ಟಲಿಲ್ಲ. ಚಂದಾ ಹಣ ಸಾಲದೆ ದಾನಿಗಳನ್ನು ನೆಚ್ಚಬೇಕಾಗಿತ್ತು. 1948ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂತು. ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ, ನಿಜಕ್ಕೂ ದೊಡ್ಡ ಯೋಜನೆ ಅದು. ಪೆಕಮ್‌ಗೆ ಅದರಿಂದ ನೆರವು ಸಿಗಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಸಿಗಲಿಲ್ಲ. ಸೇವೆ ಎಲ್ಲರಿಗೂ ತೆರೆದದ್ದು, ಕೇಂದ್ರ ಸುತ್ತಲಿನ ಕುಟುಂಬಗಳಿಗಷ್ಟೇ ಮೀಸಲು. ಸೇವೆ ಉಚಿತ, ಕೇಂದ್ರಕ್ಕೆ ಚಂದಾ ಉಂಟು. ಸೇವೆ ರೋಗಿಗಳ ಚಿಕಿತ್ಸೆಗೆ, ಕೇಂದ್ರ ಆರೋಗ್ಯದ ಪೋಷಣೆಗೆ. ಸೇವೆಗೆ ಸರ್ಕಾರದ ಆಡಳಿತ, ಕೇಂದ್ರಕ್ಕೆ ತನ್ನದೇ ಆಡಳಿತ. ಯಾವ ಕಲಮಿನಲ್ಲಿ ಹುಡುಕಿದರೂ ಅದಕ್ಕೊಂದು ಜಾಗ ಸಿಗಲಿಲ್ಲ. 1950ರಲ್ಲಿ ಕೇಂದ್ರ ಮುಚ್ಚಿಹೋಯಿತು.

ಇಲ್ಲಿ ಖಳನಾಯಕರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಉಚಿತ ಚಿಕಿತ್ಸೆ ಕೋಟ್ಯಂತರ ಜನರಿಗೆ ಆಸರೆಯಾಯಿತು. ಆದರೆ ಕಾಯಿಲೆಯನ್ನು ಎಣಿಸುವುದು ಸುಲಭ. ಹಾಸಿಗೆ, ಮಾತ್ರೆ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಲೆಕ್ಕವಿದೆ. ನೆರೆಮನೆಯವರ ಗೆಳೆತನದಿಂದ ಒಬ್ಬ ತಾಯಿಯ ಮುಖದಲ್ಲಿ ಮೂಡಿದ ಕಳೆಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಲೆಕ್ಕಕ್ಕೆ ಸಿಗದ್ದು ಆಯವ್ಯಯಕ್ಕೂ ಸಿಗುವುದಿಲ್ಲ.

ವಿಲಿಯಮ್ಸನ್ 1953ರಲ್ಲಿ ತೀರಿಕೊಂಡರು. ಓವನ್ ವಿಲಿಯಮ್ಸ್ ಕಟ್ಟಿದ ಕಟ್ಟಡ ಇಂದಿಗೂ ನಿಂತಿದೆ. ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಒಳಗೆ ಈಗ ವಸತಿಯ ಫ್ಲ್ಯಾಟುಗಳಿವೆ. ಗಾಜು, ಕಾಂಕ್ರೀಟು ಉಳಿಯಬೇಕೆಂದು ಕಾನೂನು ಕಾವಲಿದೆ. ಒಳಗೆ ನಡೆದ ಬದುಕಿಗೆ ಅಂಥ ಕಾವಲು ಇರಲಿಲ್ಲ. ಬಡಾವಣೆಗೊಂದು ಆಟದ ಮನೆ ಕೇಳುವವರನ್ನು ಮೋಜಿಗೆ ಹಣ ಕೇಳುವವರೆಂದು ತಳ್ಳಿಹಾಕುವ ಮೊದಲು ಪೆಕಮ್‌ನ ಆ ನಾಲ್ಕಾರು ವರ್ಷಗಳನ್ನು ನೆನೆಯುವುದು ಒಳ್ಳೆಯದು.